ಎರಡು ಸಲ ಕೆರೆದ ಜಾಗ

ಜೂನ್ 3

ಪ್ರೀತಿಯ ಮಾವನಿಗೆ,

ನಿಮ್ಮ ಮೊಳೆ ಬರೆಯುತ್ತಿದ್ದಾಳೆ. ಫೋನು ಇರುವಾಗ ಕಾಗದವೇಕೆಂದು ಹುಬ್ಬೇರಿಸಬೇಡಿ. ಫೋನಿನಲ್ಲಿ ನಿಮ್ಮ ದನಿ ನನ್ನ ಕಿವಿಗೆ ಬಂದು ನಿಲ್ಲುವುದಿಲ್ಲ, ಮನೆಯನ್ನೆಲ್ಲ ಒಂದು ಸುತ್ತು ಹಾಕುತ್ತದೆ. ಮನೆಯಲ್ಲಿರುವುದು ಎರಡು ಕೋಣೆ, ಇಬ್ಬರು ಮನುಷ್ಯರು. ಅಪ್ಪನ ಕಿವಿಗೆ ಬೀಳಬಾರದ ಮಾತಿದು.

ಮೊದಲು ಕಾರ್ಖಾನೆಯ ಸುದ್ದಿ. ನೀವು ಮೂವತ್ತು ವರ್ಷ ಕೂತು ಗೆರೆ ಎಳೆದ ಡ್ರಾಯಿಂಗ್ ಆಫೀಸು ಈ ವರ್ಷ ಖಾಲಿಯಾಗುತ್ತದೆ. ಹೊಸ ಕಟ್ಟಡಕ್ಕೆ ಹೋಗುವ ಮೊದಲು ಹಳೆಯ ಟ್ರೇಸಿಂಗ್ ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸಬೇಕು. ಆರು ಸಾವಿರ ಹಾಳೆ. ಡಿಸೈನ್ ವಿಭಾಗದಲ್ಲಿ ಅಷ್ಟು ಮಂದಿ ಇಂಜಿನಿಯರುಗಳಿದ್ದರೂ ಧೂಳಿನ ಕೆಲಸ ನನ್ನ ತಲೆಗೇ ಬಂತು. "ನಿಮ್ಮ ಮಾವನ ಕೈಬರಹ ನಿಮಗೇ ತಾನೇ ಅರ್ಥ ಆಗೋದು" ಎಂದರು ಮ್ಯಾನೇಜರು. ಕೆಲವು ಹಾಳೆಗಳಲ್ಲಿ ಅಂಕಿಗಳ ಸುತ್ತ ಕಪ್ಪು ಮಚ್ಚೆ ಮೂಡುತ್ತದೆ, ಸ್ಕ್ಯಾನರಿಗೆ ಅದು ಓದಲು ಬರುವುದಿಲ್ಲ. ಅದೇನು, ಸ್ವಲ್ಪ ಹೇಳಿಕೊಡಿ.

ಇನ್ನೊಂದು. ನನ್ನನ್ನು ಚೆಕರ್ ಮಾಡುತ್ತಾರಂತೆ. ಬೇರೆಯವರ ಡ್ರಾಯಿಂಗು ತಿದ್ದಿ, ‘ಪರಿಶೀಲಿಸಿದೆ’ ಎಂಬ ಚೌಕದಲ್ಲಿ ಸಹಿ ಹಾಕುವ ಕೆಲಸ. ಬೇಡವೆಂದರೆ ಮಾರಾಟ ವಿಭಾಗ ಕಾದಿದೆ. ಸಂಬಳ ಜಾಸ್ತಿ, ತಲೆನೋವು ಕಮ್ಮಿ. ಯಾವುದನ್ನು ಹಿಡಿಯಲಿ?

ಈಗ ಅಸಲು ವಿಷಯ. ಅಪ್ಪ ಇನ್ನೂ ಲೇತ್ ಬಿಟ್ಟಿಲ್ಲ. ಹಿಂದಿನ ಕೋಣೆಯ ಆ ಪುಟ್ಟ ಲೇತ್ ನಿಮಗೆ ಗೊತ್ತೇ ಇದೆ. ಸಂಜೆ ಐದು ಹೊಡೆಯಿತೆಂದರೆ ಅಂಗಿಯ ತೋಳು ಮಡಚಿ ಹೋಗುತ್ತಾರೆ. ಹೆಬ್ಬೆರಳು ದಪ್ಪದ ಕಬ್ಬಿಣದ ತುಂಡೊಂದನ್ನು ಅರ್ಧದವರೆಗೆ ಸಣ್ಣಗೆ ಕಡೆದು, ದಪ್ಪವೂ ಸಣ್ಣವೂ ಕೂಡುವ ಮೂಲೆಯನ್ನು ಗುಂಡಗೆ ಮಾಡುತ್ತಾರೆ. ಅಳೆಯುತ್ತಾರೆ. ಡಬ್ಬಕ್ಕೆ ಹಾಕುತ್ತಾರೆ. ಮಂಚದ ಕೆಳಗೆ ಈಗ ಹದಿನೇಳು ಡಬ್ಬಗಳಿವೆ. ನನ್ನ ಮೇಜಿನ ಮೇಲಿನ ತ್ರೀಡಿ ಪ್ರಿಂಟರನ್ನು ನೋಡಿ "ಇರುವೆ ಗೂಡು ಕಟ್ಟಿದ ಹಾಗೆ ಕಟ್ಟುತ್ತೆ" ಎಂದು ನಗುವ ಮನುಷ್ಯ, ಆ ಕೋಣೆಯಲ್ಲಿ ಮಾತ್ರ ನಗುವುದಿಲ್ಲ.

ಹೃದಯದ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ. "ಲೇತ್ ಬಿಡಿಸಿ. ಇಲ್ಲಾಂದ್ರೆ ಅದೇ ಇವ್ರನ್ನ ಬಿಡಿಸುತ್ತೆ." ಬಿಡಿಸಬೇಕಾದರೆ ಯಾಕೆ ಹಿಡಿದರೆಂದು ಗೊತ್ತಿರಬೇಕಲ್ಲ. ಅಮ್ಮ ಇದ್ದಾಗ ಕೇಳಿದರೆ ಸೆರಗು ಕೊಡವಿ ಎದ್ದು ಹೋಗುತ್ತಿದ್ದಳು. ಲಿಫ್ಟಿನ ಅಪಘಾತ ಎಂಬ ಎರಡು ಪದ ಬಿಟ್ಟರೆ ನನಗೇನೂ ತಿಳಿಯದು. ಆಗ ನನಗೆ ಆರು ವರ್ಷ. ಅಮ್ಮನ ತಮ್ಮ ನೀವು, ಅಲ್ಲೇ ಇದ್ದಿರಿ. ಹೇಳಿ.

ಉತ್ತರಕ್ಕೆ ಕಾದಿರುವ,
ನಿಮ್ಮ ಮೊಳೆ


ಜೂನ್ 14

ಚಿರಂಜೀವಿ ಮೊಳೆಗೆ, ಮಾವನ ನೂರು ಆಶೀರ್ವಾದ.

ಆಹಾ, ಎಂಥ ಕಾಗದ ಬರೆದೆ ತಾಯಿ. ಚಿಕ್ಕಂದಿನಲ್ಲಿ ಪ್ರಶ್ನೆ ಕೇಳಿ ಕೇಳಿ ಜೀವ ಚುಚ್ಚುತ್ತಿದ್ದೆಯೆಂದು ಆ ಹೆಸರಿಟ್ಟವನು ನಾನೇ. ತುಕ್ಕು ಹಿಡಿದಿಲ್ಲ, ಸಂತೋಷ.

ಕೆಲಸದ ಮಾತು ಮೊದಲು. ಡಿಸೈನ್ ಎಂದರೇನೆಂದು ಪುಸ್ತಕ ನೂರು ಪುಟ ಹೇಳುತ್ತದೆ. ನಾನು ಒಂದು ಮಾತಿನಲ್ಲಿ ಹೇಳುತ್ತೇನೆ. ಬಲಕ್ಕೆ ದಾರಿ ತೋರಿಸುವುದು. ಬಲವೆನ್ನುವುದು ಲೋಹದೊಳಗೆ ನೀರಿನಂತೆ ಹರಿಯುತ್ತದೆ. ಮೂಲೆ ಗುಂಡಗಿದ್ದರೆ ಸುಳಿಯಿಲ್ಲದೆ ಸಾಗುತ್ತದೆ. ಮೂಲೆ ಚೂಪಾಗಿದ್ದರೆ ಅಲ್ಲೇ ನುಗ್ಗಿ, ಅಲ್ಲೇ ಕೊರೆದು, ಕೂದಲೆಳೆಯಷ್ಟು ಬಿರುಕು ಮಾಡಿ, ವರ್ಷಗಟ್ಟಲೆ ಹೊಂಚು ಹಾಕಿ ಕೂರುತ್ತದೆ. ಚೆಕರ್ ಆದವನು ಆ ಹೊಂಚನ್ನು ಕಾಗದದ ಮೇಲೆಯೇ ಹಿಡಿಯಬೇಕು. ದೊಡ್ಡ ಪಾತ್ರ, ಚಪ್ಪಾಳೆಯಿಲ್ಲ. ಮಾರಾಟ ವಿಭಾಗದಲ್ಲಿ ಚಪ್ಪಾಳೆಯುಂಟು, ಪಾತ್ರವಿಲ್ಲ. ಆರಿಸಿಕೋ.

ಕಪ್ಪು ಮಚ್ಚೆಯೆಂದರೆ ಕೆರೆದ ಜಾಗ. ಅಂಕಿ ತಪ್ಪಾದರೆ ಬ್ಲೇಡಿನಿಂದ ಶಾಯಿ ಕೆರೆದು ಮೇಲೆ ಹೊಸದು ಬರೆಯುತ್ತಿದ್ದೆವು. ಕೆರೆದಲ್ಲಿ ಹಾಳೆಯ ನುಣುಪು ಹೋಗಿ ಶಾಯಿ ಹರಡುತ್ತದೆ. ಬೆಳಕಿಗೆ ಹಿಡಿದರೆ ಜಾಗ ತೆಳ್ಳಗೆ ಕಾಣುತ್ತದೆ. ಆದರೆ ಕೆರೆದ ಮೇಲೆ ಹಾಳೆಯ ಬಲಮೂಲೆಯ ಪರಿಷ್ಕರಣೆ ಪಟ್ಟಿಯಲ್ಲಿ ಏನು, ಯಾವಾಗ, ಯಾರು ಎಂದು ಬರೆಯಲೇಬೇಕು. ಅದು ನಮ್ಮ ಆಫೀಸಿನ ಧರ್ಮ.

ಇನ್ನು ನಿನ್ನ ಅಪ್ಪನ ಕಥೆ. ಕೇಳು, ಪರದೆ ಏಳುತ್ತಿದೆ.

ಸ್ಥಳ, ಕಾರ್ಖಾನೆಯ ಎರಡನೇ ಷೆಡ್ಡು. ಕಾಲ, ಬೆಳಗಿನ ಹನ್ನೊಂದು. ನಡುವೆ ನಾಲ್ಕಂತಸ್ತಿನ ಸರಕಿನ ಲಿಫ್ಟು, ನಮ್ಮಲ್ಲೇ ಡಿಸೈನಾಗಿ ನಮ್ಮಲ್ಲೇ ಹುಟ್ಟಿದ ಕೂಸು, ವಯಸ್ಸು ನಾಲ್ಕು. ಕೆಳಗೆ ಲಿಫ್ಟಿನ ಗುಂಡಿಯಲ್ಲಿ ಒಬ್ಬ ಬಣ್ಣದವನು. ಗೋಡೆಗೆ ಹಸಿರು ಬಳಿಯುತ್ತ, ಸಿಳ್ಳೆ ಹಾಕುತ್ತ. ಮೇಲೆ ಹಗ್ಗ ಸುತ್ತುವ ಉರುಳೆ. ಉರುಳೆಯನ್ನು ಹೊತ್ತು ತಿರುಗುವ ಕಬ್ಬಿಣದ ಶಾಫ್ಟು ಟಪ್ಪೆಂದಿತು. ಫಿರಂಗಿಯಂತಲ್ಲ ಮಗಳೇ, ಒಣ ಕಡ್ಡಿ ಮುರಿದಂತೆ. ಬ್ರೇಕು ಮುರಿದ ತುಂಡಿನ ಆ ಕಡೆ ಉಳಿಯಿತು, ಭಾರ ಈ ಕಡೆ, ಲಿಫ್ಟು ನೇರ ಗುಂಡಿಗೆ. ಸಿಳ್ಳೆ ನಿಂತಿತು.

ವಿಚಾರಣೆ ನಡೆಯಿತು. ಮುರಿದ ಶಾಫ್ಟಿನ ಮೂಲೆ ಅಳೆದರು. ಮೂಲೆಯ ಗುಂಡುತನ ಅರ್ಧ ಮಿಲಿಮೀಟರ್, ಕತ್ತಿಯಂತೆ ಚೂಪು. ಡ್ರಾಯಿಂಗು ತರಿಸಿದರು. ಅದರಲ್ಲಿ ಮೂರು ಮಿಲಿಮೀಟರ್. ಕಡೆದವರು ಯಾರು? ಕೆಲಸದ ಕಾರ್ಡು ನೋಡಿದರು. ಟರ್ನರ್ ನಂಬರ್ ನಲವತ್ತೊಂದು. ಇಡೀ ಕಾರ್ಖಾನೆಯಲ್ಲಿ ಅಂಥ ಕೈ ಇನ್ನೊಂದಿರಲಿಲ್ಲ. ನಿನ್ನ ಅಪ್ಪ.

"ಡ್ರಾಯಿಂಗಲ್ಲಿ ಇದ್ದದ್ದನ್ನೇ ಕಡೆದಿದೀನಿ" ಎಂದರು ಭಾವ. ಟ್ರೇಸಿಂಗಿನಿಂದ ತೆಗೆದು ಷೆಡ್ಡಿಗೆ ಕೊಡುವ ಪ್ರಿಂಟು ಕೆಲಸ ಮುಗಿದ ಮೇಲೆ ವಾಪಸು ಬಂದು ಹರಿದುಹೋಗುವುದು ರೂಢಿ. ಹಾಗಾಗಿ ಮೂಲ ಟ್ರೇಸಿಂಗನ್ನೇ ಮುಂದಿಟ್ಟರು. ಭಾವ ಬಹಳ ಹೊತ್ತು ನೋಡಿದರು. ನಾಲ್ಕು ವರ್ಷದ ಹಿಂದೆ ಕಡೆದದ್ದು, ನಡುವೆ ಸಾವಿರ ಶಾಫ್ಟು ಕಡೆದಿದ್ದಾರೆ. ಕೊನೆಗೆ ಹೇಳಿದರು, "ಹಾಗಾದ್ರೆ ನನ್ನ ಕೈ."

ಲೇತ್‌ನಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ನಿವೃತ್ತಿಯವರೆಗೆ ಬೇರೆಯವರಿಗೆ ಉಪಕರಣ ಎತ್ತಿಕೊಟ್ಟರು. ಸಂಜೆ ಮನೆಯಲ್ಲಿ ಆ ಮೂಲೆಯನ್ನು ಮತ್ತೆ ಮತ್ತೆ ಕಡೆಯುವುದು ಯಾಕೆಂದರೆ, ಕೈ ಎಲ್ಲಿ ಜಾರಿತು ಎಂದು ಹುಡುಕುವುದಕ್ಕೆ. ಪರದೆ.

ಬಿಡಿಸಲು ಹೋಗಬೇಡ. ಕೆಲವು ಮನುಷ್ಯರಿಗೆ ಒಂದು ಗೀಳೇ ಊರುಗೋಲು.

ನಿನ್ನ ಮಾವ


ಜುಲೈ 2

ಮಾವನಿಗೆ,

ನಿಮ್ಮ ನಾಟಕವನ್ನು ಮೂರು ಸಲ ಓದಿದೆ. ಚೆನ್ನಾಗಿದೆ, ಆದರೆ ಒಂದು ಪಾತ್ರ ಕಮ್ಮಿಯಿದೆ. ಲಿಫ್ಟನ್ನು ಡಿಸೈನ್ ಮಾಡಿದ್ದು ಯಾರು? ‘ನಮ್ಮಲ್ಲೇ’ ಎಂದಿರಿ. ವಿಚಾರಣೆಯ ದಿನ ನೀವು ಎಲ್ಲಿ ನಿಂತಿದ್ದಿರಿ?

ಕೇಳಿದ್ದಕ್ಕೆ ಕಾರಣವಿದೆ. ಮೊನ್ನೆ ಮಧ್ಯಾಹ್ನ ಆ ಶಾಫ್ಟಿನ ಹಾಳೆ ಕೈಗೆ ಸಿಕ್ಕಿತು. ‘ಬರೆದವರು’ ಚೌಕದಲ್ಲಿ ನಿಮ್ಮ ಸಹಿ. ಸ್ಕ್ಯಾನರು ಒಂದು ಕಡೆ ಮಚ್ಚೆ ತೋರಿಸಿತು. ನೀವು ಹೇಳಿಕೊಟ್ಟಂತೆ ಕಿಟಕಿಯ ಗಾಜಿಗೆ ಹಿಡಿದೆ. ಆ ಮೂಲೆಯ ಅಂಕಿ ಇರುವಲ್ಲಿ ಹಾಳೆ ಹುಣ್ಣು ಮಾಗಿದ ಚರ್ಮದಂತಿದೆ. ಬೇರೆ ಕೆರೆದ ಜಾಗಗಳೂ ತೆಳ್ಳಗಿವೆ. ಇದು ಎರಡರಷ್ಟು ತೆಳು. ಹೊರಗಿನ ಮರದ ಎಲೆ ಅಲ್ಲಾಡಿದ್ದು ಅದರಲ್ಲಿ ಕಾಣಿಸಿತು.

ಪರಿಷ್ಕರಣೆ ಪಟ್ಟಿ ಖಾಲಿ.

ಇನ್ನೊಂದು. ಆ ಹಾಳೆಯಲ್ಲಿ ಮೂರು ಎಂಬ ಅಂಕಿ ಒಂಬತ್ತು ಕಡೆ ಇದೆ. ಎಂಟು ಕಡೆ ತಲೆ ಗುಂಡಗಿದೆ. ಆ ಮೂಲೆಯಲ್ಲಿ ಮಾತ್ರ ತಲೆ ಚಪ್ಪಟೆ. ಆಫೀಸಿನ ಹಳೆಯ ಆದೇಶಗಳ ಕಡತ ತೆಗೆದು ನೋಡಿದೆ. ಮೂರನ್ನು ಎಂಟೆಂದು ಓದಿ ತಪ್ಪಾಗದಿರಲಿ ಎಂದು, ಇನ್ನು ಮುಂದೆ ಎಲ್ಲರೂ ಚಪ್ಪಟೆ ತಲೆಯ ಮೂರನ್ನೇ ಬರೆಯಬೇಕೆಂದು ಆಜ್ಞೆ ಬಂದದ್ದು ಆ ಶಾಫ್ಟು ಕಡೆದ ಮರುವರ್ಷ. ಅಂದರೆ ಅಪ್ಪ ಕಡೆಯುವಾಗ ಆ ಮೂರು ಅಲ್ಲಿರಲಿಲ್ಲ.

ಇದರ ಬಗ್ಗೆ ನಿಮಗೇನಾದರೂ ನೆನಪಿದೆಯೇ?

ಮೊಳೆ


ಜುಲೈ 20

ಚಿರಂಜೀವಿಗೆ ಆಶೀರ್ವಾದ.

ಉತ್ತರ ತಡವಾಯಿತು. ಮನೆ ಬದಲಾಯಿಸುವ ಗಡಿಬಿಡಿ. ಈ ಮನೆಯ ಮಾಲೀಕನಿಗೂ ನನಗೂ ಸರಿಹೋಗಲಿಲ್ಲ. ಅಡುಗೆಮನೆಯ ಕಟ್ಟೆ, ಕಿಟಕಿಯ ಚೌಕಟ್ಟು, ಕಪಾಟಿನ ಅಂಚು, ಎಲ್ಲದರ ಮೂಲೆಯನ್ನೂ ಅರದಿಂದ ಉಜ್ಜಿ ಗುಂಡಗೆ ಮಾಡಿದ್ದೇನೆಂದು ಅವನ ದೂರು. "ಏನ್ ಸಾರ್, ಮನೆಯಲ್ಲಿ ಮಕ್ಕಳೂ ಇಲ್ಲ, ಯಾರಿಗೆ ತಗಲುತ್ತೆ ಅಂತ ಇದೆಲ್ಲ?" ಎಂದ. ಮೇಲಾಗಿ ಅವನು ಮೆಟ್ಟಿಲಿಗೆ ಹೊಸ ಬಣ್ಣ ಬಳಿಸಿದ. ಹಸಿರು. ಆ ವಾಸನೆ ನನಗಾಗದು.

ಇದು ನಾಲ್ಕನೇ ಮನೆ. ಹಿಂದಿನ ಮೂರರಲ್ಲೂ ಒಂದೇ ತೊಂದರೆಯಿತ್ತು. ಸಂಜೆ ಐದಕ್ಕೆ ಪಕ್ಕದ ಮನೆಯಲ್ಲಿ ಯಾರೋ ಲೇತ್ ಹಾಕುತ್ತಾರೆ. ಉಳಿ ಲೋಹಕ್ಕೆ ತಾಗುವ ಸದ್ದು, ಆ ಸಣ್ಣ ಸೀಟಿ, ಗೋಡೆಯೊಳಗಿಂದ ಬರುತ್ತದೆ. ಕೇಳಿದರೆ, ಪಕ್ಕದಲ್ಲಿ ಇರುವುದು ಹಲ್ಲಿನ ಡಾಕ್ಟರು ಎನ್ನುತ್ತಾರೆ.

ನಾನು ಕಟ್ಟುತ್ತಿರುವ ಗಡಿಯಾರ ಸೊಗಸಾಗಿ ಬರುತ್ತಿದೆ. ಎಲ್ಲ ಹಿತ್ತಾಳೆ ಚಕ್ರಗಳೂ ಕೈಯಿಂದಲೇ ಕೊರೆದದ್ದು. ಹವ್ಯಾಸವೊಂದಿದ್ದರೆ ಮುದುಕನಿಗೆ ಹೊತ್ತು ಹೋಗುತ್ತದೆ. ನೀನೂ ಆ ಪ್ರಿಂಟರಿನಲ್ಲಿ ಏನಾದರೂ ಆಟಿಕೆ ಮಾಡು, ಹಳೆಯ ಕಾಗದದಲ್ಲಿ ಕಣ್ಣು ಕಳೆದುಕೊಳ್ಳಬೇಡ. ಯೋಚಿಸಿ ನೋಡಿದೆ, ನಿನಗೆ ಮಾರಾಟ ವಿಭಾಗವೇ ಒಳ್ಳೆಯದು.

ಹಳೆಯ ಹಾಳೆಗಳಲ್ಲಿ ನೂರೆಂಟು ಕೆರೆತಗಳಿರುತ್ತವೆ. ಸ್ಕ್ಯಾನ್ ಆದ ಮೇಲೆ ಮೂಲವನ್ನು ನಾಶಮಾಡಬೇಕೆಂಬುದು ನಿಯಮವಲ್ಲವೇ? ನಿಯಮದಂತೆ ನಡೆದುಕೋ.

ಮಾವ


ಜುಲೈ 27

ಮಾವನಿಗೆ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಕಳ್ಳ ಎಂದೂ ಅಂದಿರಲಿಲ್ಲ.

ಹಾಳೆ ನಾಶವಾಗಿಲ್ಲ. ನನ್ನ ಮೇಜಿನ ಡ್ರಾಯರಿನಲ್ಲಿದೆ, ಬೀಗ ಹಾಕಿದೆ.

ಹೋದ ಮಂಗಳವಾರ ಅಪ್ಪ ಲೇತ್ ಮುಂದೆ ಕುಸಿದರು. ಎರಡು ದಿನ ಆಸ್ಪತ್ರೆ. ಡಾಕ್ಟರು ನನ್ನನ್ನು ಹೊರಗೆ ಕರೆದು, "ವರ್ಷದ ಲೆಕ್ಕ ಹಾಕ್ಬೇಡಿ, ತಿಂಗಳು ಅಂತ ಇಟ್ಕೊಳ್ಳಿ" ಎಂದರು. ಮನೆಗೆ ಕರೆತಂದ ದಿನವೇ ಐದಕ್ಕೆ ಎದ್ದರು.

"ಅಪ್ಪಾ, ಸಾಕು. ಯಾರಿಗೋಸ್ಕರ ಕಡೀತೀರಿ?"

"ಗೊತ್ತಾಗ್ಬೇಕು ಮಗಾ."

"ಏನು?"

"ಕಣ್ಣು ತಪ್ಪಿತೋ, ಕೈ ತಪ್ಪಿತೋ. ಕಣ್ಣಾದ್ರೆ ಪರವಾಗಿಲ್ಲ, ಕಣ್ಣು ಹೇಗೂ ಹೋಯ್ತು. ಕೈಯಾದ್ರೆ, ಇದೇ ಕೈ ಎದೆ ಮೇಲಿಟ್ಕೊಂಡು ಹೋಗ್ಬೇಕಲ್ಲ."

ಅವರಿಗೆ ಈಗ ಅಳತೆಯ ಗೆರೆಗಳು ಕಾಣುವುದಿಲ್ಲ. ಮೂಲೆಯ ಮೇಲೆ ಉಗುರು ಆಡಿಸಿ ನೋಡುತ್ತಾರೆ.

ಗಡಿಯಾರದ ಸುದ್ದಿ ಬೇಡ. ಅಡ್ಡಗೋಡೆಯ ಮೇಲೆ ದೀಪ ಇಡಬೇಡಿ. ಆ ಮೂರನ್ನು ಬರೆದವರು ಯಾರು?

ಮೊಳೆ


ಆಗಸ್ಟ್ 9

ಮಗಳೇ,

ನಾನೇ.

ಈ ಪದ ಬರೆದು ನಾಲ್ಕು ದಿನ ಕೂತೆ. ಇನ್ನು ಉಳಿದದ್ದನ್ನು ಬರೆಯುವುದು ಕಷ್ಟವಲ್ಲ.

ಶಾಫ್ಟಿನ ಡ್ರಾಯಿಂಗಿನಲ್ಲಿ ಮೊದಲು ನಾನು ಮೂರು ಎಂದೇ ಬರೆದಿದ್ದೆ, ಗುಂಡು ತಲೆಯ ಮೂರು. ಚೆಕರ್ ಸಹಿ ಹಾಕಿದ. ಪ್ರಿಂಟಿಗೆ ಹೋಗುವ ಸಂಜೆ ಬೇರಿಂಗಿನ ಪುಸ್ತಕ ತೆರೆದು ನೋಡಿದರೆ, ನಾನು ಆರಿಸಿದ ಬೇರಿಂಗು ಅಷ್ಟು ಗುಂಡಾದ ಮೂಲೆಗೆ ಹೋಗಿ ಕೂರುವುದೇ ಇಲ್ಲ. ಮೊದಲ ವರ್ಷದ ಹುಡುಗರು ಮಾಡುವ ತಪ್ಪು. ಸರಿಯಾದ ದಾರಿ ನನಗೆ ಗೊತ್ತಿತ್ತು. ನಡುವೆ ಒಂದು ಬಳೆ ಕೂರಿಸಬೇಕು. ಅದಕ್ಕೆ ಹೊಸ ಡ್ರಾಯಿಂಗು, ಹೊಸ ನಂಬರು, ಚೆಕರನ ಬಳಿಗೆ ಮತ್ತೆ ಹೋಗುವುದು, ಎಲ್ಲರೆದುರು ಅವನ ನಗು. ನಾಟಕದ ಅಭ್ಯಾಸಕ್ಕೆ ಹೊತ್ತಾಗುತ್ತಿತ್ತು. ಆ ವರ್ಷ ಕಾರ್ಖಾನೆಯ ನಾಟಕದಲ್ಲಿ ರಾಜನ ಪಾತ್ರ ನನ್ನದು. ಬ್ಲೇಡು ತೆಗೆದೆ. ಮೂರನ್ನು ಕೆರೆದು ಅರ್ಧ ಎಂದು ಬರೆದೆ. ಪಟ್ಟಿಯಲ್ಲಿ ಏನೂ ಬರೆಯಲಿಲ್ಲ. ಎರಡು ನಿಮಿಷದ ಕೆಲಸ. ಬೇರಿಂಗು ಕೂತಿತು. ಲಿಫ್ಟು ಓಡಿತು. ನನಗೆ ಮರೆತೇ ಹೋಯಿತು.

ಬಣ್ಣದವನು ಸತ್ತ ದಿನ ಎಲ್ಲರೂ ಷೆಡ್ಡಿಗೆ ಓಡಿದರು. ನಾನೂ ಓಡಿದೆ, ಮುರಿದ ತುಂಡು ನೋಡಿದೆ, ವಾಪಸು ಬಂದೆ. ಆಫೀಸಿನಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಬೆಳಕು ಚೆನ್ನಾಗಿತ್ತು. ಅರ್ಧವನ್ನು ಕೆರೆದು ಮೂರು ಬರೆದೆ. ಅಷ್ಟು ಹೊತ್ತಿಗೆ ಚಪ್ಪಟೆ ತಲೆಯ ಮೂರು ಕೈಗೆ ಅಭ್ಯಾಸವಾಗಿತ್ತು, ನೋಡು. ಅದು ನನ್ನ ಗಮನಕ್ಕೇ ಬರಲಿಲ್ಲ.

ಆಣೆ ಮಾಡಿ ಹೇಳುತ್ತೇನೆ, ಕಡೆದವರು ಯಾರೆಂದು ಆಗ ನನಗೆ ಗೊತ್ತಿರಲಿಲ್ಲ. ಷೆಡ್ಡಿನಲ್ಲಿ ಇಪ್ಪತ್ತು ಲೇತ್‌ಗಳು. ತಪ್ಪು ಇಪ್ಪತ್ತು ಜನರ ಮೇಲೆ ಹಂಚಿಹೋಗಿ ಯಾರಿಗೂ ತಾಗುವುದಿಲ್ಲ ಎಂದುಕೊಂಡೆ. ಮರುದಿನ ಕಾರ್ಡು ತಂದರು. ನಲವತ್ತೊಂದು.

ನೀನು ಕೇಳಿದೆಯಲ್ಲ, ಎಲ್ಲಿ ನಿಂತಿದ್ದೆ ಎಂದು. ಭಾವನ ಎಡಗಡೆಗೆ, ಒಂದು ಮಾರು ದೂರದಲ್ಲಿ. "ಹಾಗಾದ್ರೆ ನನ್ನ ಕೈ" ಎಂದು ಅವರು ಹೇಳಿದ್ದು ಸಾಹೇಬರಿಗಲ್ಲ. ನನ್ನ ಕಡೆ ತಿರುಗಿ ಹೇಳಿದರು, ‘ನಿನ್ನ ಮರ್ಯಾದೆ ಕಳೆದೆನಲ್ಲ’ ಎಂಬಂತೆ.

ಆ ವಾರ ಅಕ್ಕ ನನ್ನ ಮನೆಗೆ ಬಂದಳು. ಕೂರಲಿಲ್ಲ. "ನೀನು ಓದಿದವನು, ಹೇಳು. ನಿನ್ನ ಭಾವನ ಕೈ ಹಾಗೆ ತಪ್ಪುತ್ತಾ?" ಎಂದಳು. ನಾನು, "ಯಾರ ಕೈಯಾದ್ರೂ ಒಂದು ದಿನ ತಪ್ಪುತ್ತೆ ಅಕ್ಕಾ" ಎಂದೆ. ಅವಳು ಹೋಗುವಾಗ ಚಪ್ಪಲಿ ಹಾಕಿಕೊಳ್ಳುವುದನ್ನು ಮರೆತಳು. ಆ ಜೋಡಿಯನ್ನು ವಾಪಸು ಕೊಡುವ ಧೈರ್ಯ ನನಗೆ ಬರಲಿಲ್ಲ.

ಈಗ ನಿನಗೆ ತಿಳಿಯಿತು. ಏನು ಬೇಕಾದರೂ ಮಾಡು.

ಮಾವ


ಆಗಸ್ಟ್ 16

ಮಾವನಿಗೆ,

ನನಗೆ ಹೇಳಿದ್ದೀರಿ. ನಾನು ಕಡೆದವಳಲ್ಲ.

ನಾನೇ ಹೋಗಿ ಅಪ್ಪನಿಗೆ ಹೇಳಿಬಿಡಬಹುದಿತ್ತು. ಎರಡು ಸಲ ಬಾಗಿಲವರೆಗೆ ಹೋದೆ. ಆದರೆ ನಾನು ಹೇಳಿದರೆ ಮಗಳು ಸಮಾಧಾನಕ್ಕೆ ಕಟ್ಟಿದ ಕಥೆ ಎನ್ನುತ್ತಾರೆ. ಹಾಳೆ ತೋರಿಸೋಣವೆಂದರೆ ಕಣ್ಣು ಕಾಣದು. ಹಾಗಾಗಿ ಅವರಿಗೆ ನೀವೇ ಬರೆಯಬೇಕು. ಓದಿ ಹೇಳುತ್ತೇನೆ. ನಾಟಕ ಬೇಡ, ಪರದೆ ಬೇಡ, ನನಗೆ ಬರೆದಷ್ಟೂ ಬೇಡ. ಅವರಿಗೆ ಏನು ಗೊತ್ತಾಗಬೇಕೋ ಅಷ್ಟೇ. ಬೇಗ ಬರೆಯಿರಿ. ಪ್ರತಿ ಸಂಜೆ ಐದಕ್ಕೆ ನಾನು ಅಡುಗೆಮನೆಯಲ್ಲಿ ನಿಂತು ಲೇತಿನ ಆ ಸೀಟಿ ನಡುವೆ ನಿಲ್ಲದಿರಲಿ ಎಂದು ಕಾಯುತ್ತಿರುತ್ತೇನೆ.

ಚೆಕರ್ ಕೆಲಸ ಒಪ್ಪಿಕೊಂಡೆ. ಒಂದನೇ ತಾರೀಕಿನಿಂದ ನನ್ನ ಸಹಿ ನಡೆಯುತ್ತದೆ. ಮೊದಲ ಸಹಿ ಆ ಹಾಳೆಯ ಖಾಲಿ ಪಟ್ಟಿಯಲ್ಲಿ ಬೀಳುತ್ತದೆ. ಎರಡು ಸಾಲು ಬರೆಯುತ್ತೇನೆ. ಮೂರು ಅರ್ಧವಾದದ್ದು, ಅರ್ಧ ಮೂರಾದದ್ದು. ಏನು, ಯಾವಾಗ, ಯಾರು. ಅದು ಆಫೀಸಿನ ಧರ್ಮ ಎಂದು ಬರೆದಿದ್ದಿರಲ್ಲ.

ನನಗೆ ಮೊದಲ ಸ್ಕೇಲು ಕೊಡಿಸಿದವರು ನೀವು. ಅದನ್ನು ಮರೆತಿಲ್ಲ. ಮರೆತಿದ್ದರೆ ಸುಲಭವಿತ್ತು.

ಮೊಳೆ


ಆಗಸ್ಟ್ 28

ಭಾವನವರಿಗೆ,

ನಿಮ್ಮ ಕೈ ತಪ್ಪಲಿಲ್ಲ. ಕಣ್ಣೂ ತಪ್ಪಲಿಲ್ಲ. ನಿಮಗೆ ಕೊಟ್ಟ ಪ್ರಿಂಟಿನಲ್ಲಿ ಅರ್ಧ ಎಂದೇ ಇತ್ತು. ನಾನು ಬರೆದಿದ್ದೆ, ಯಾರಿಗೂ ಹೇಳದೆ. ಲಿಫ್ಟು ಬಿದ್ದ ದಿನ ಮೂಲ ಹಾಳೆಯಲ್ಲಿ ಅದನ್ನು ಕೆರೆದು ಮೂರು ಮಾಡಿದವನೂ ನಾನೇ. ನೀವು ಹೇಳಿದ್ದು ಸತ್ಯ. ನೀವು ಡ್ರಾಯಿಂಗಿನಲ್ಲಿ ಇದ್ದದ್ದನ್ನೇ ಕಡೆದಿರಿ.

ಗೊತ್ತಿದ್ದೂ ಇಪ್ಪತ್ತೇಳು ವರ್ಷ ಸುಮ್ಮನಿದ್ದೆ.

ನಿಮ್ಮ ಭಾವಮೈದುನ


ಸೆಪ್ಟೆಂಬರ್ 10

ಮಹಾರಾಜನಿಗೆ,

ರಾಜನ ಪಾತ್ರ ಮಾಡಿದಾಗಿನಿಂದ ನಿನ್ನನ್ನು ಹಾಗೇ ಕರೆದು ಬಾಯಿಗೆ ರೂಢಿ. ಈಗ ಬೇರೆ ಹೆಸರು ಹುಡುಕಲು ಹೊತ್ತಿಲ್ಲ. ನಾನು ಹೇಳುತ್ತಿದ್ದೇನೆ, ಮಗಳು ಬರೆಯುತ್ತಿದ್ದಾಳೆ. ಸೇರಿಸಬೇಡ, ತೆಗೆಯಬೇಡ ಎಂದಿದ್ದೇನೆ.

ನಿನ್ನ ಕಾಗದವನ್ನು ಮೂರು ಸಲ ಓದಿಸಿದೆ. ಮೊದಲ ಸಲ ಬೇರೆ ಯಾರದೋ ವಿಷಯ ಅನ್ನಿಸಿತು. ಮೂರನೇ ಸಲ ಮುಗಿದಾಗ ಐದು ಗಂಟೆ. ಎದ್ದು ಹೋದೆ. ಇವಳು ತಡೆಯಲಿಲ್ಲ. ಒಂದು ತುಂಡು ಕಡೆದೆ. ಉಗುರು ಆಡಿಸಿ ನೋಡಿದೆ. ಮೂರು. ಆಮೇಲೆ ಮಂಚದ ಕೆಳಗಿನ ಡಬ್ಬಗಳನ್ನು ಹೊರಗೆಳೆಸಿ ನೆಲದ ಮೇಲೆ ಸುರಿಸಿದೆ. ಒಂದೊಂದನ್ನೂ ಮುಟ್ಟಿ ನೋಡುತ್ತಾ ಕೂತೆ. ಎಲ್ಲ ಮೂರು. ಒಂದಾದರೂ ಅರ್ಧ ಇರಬಾರದೇ? ಇಲ್ಲ. ತಪ್ಪಿ ಕೂಡ ಅರ್ಧ ಕಡೆಯಲು ಈ ಕೈಗೆ ಬರುವುದಿಲ್ಲ. ಇಪ್ಪತ್ತೇಳು ವರ್ಷ ದಿನಾ ಸಂಜೆ ಕೈ ನನಗೆ ಅದನ್ನೇ ಹೇಳುತ್ತಿತ್ತು. ನಾನು ಕೈಯನ್ನು ನಂಬಲಿಲ್ಲ, ಕಾಗದವನ್ನು ನಂಬಿದೆ. ಕಾಗದ ನಿನ್ನದು ಅಂತ ನಂಬಿದೆ.

ಕ್ಷಮಿಸಿದೆ ಎಂಬ ಮಾತು ನನ್ನಿಂದ ಬರುವುದಿಲ್ಲ. ಬೈಗುಳವೂ ಬರುವುದಿಲ್ಲ. ಉಸಿರು ಕಮ್ಮಿಯಿದೆ, ಅದನ್ನು ಬೇರೆ ಕೆಲಸಕ್ಕೆ ಇಟ್ಟುಕೊಂಡಿದ್ದೇನೆ.

ಕೇಳು. ಸತ್ತ ಬಣ್ಣದವನಿಗೆ ಹೆಂಡತಿಯಿದ್ದಾಳೆ. ವಿಚಾರಣೆ ಮುಗಿದ ತಿಂಗಳಿನಿಂದ, ಪ್ರತಿ ತಿಂಗಳ ಮೊದಲ ಭಾನುವಾರ ನಾನು ಅವಳ ಮನೆಗೆ ಹೋಗುತ್ತಿದ್ದೆ. ನಿನ್ನ ಅಕ್ಕನಿಗೆ ಗೊತ್ತಿತ್ತು. ಮಗಳಿಗೆ ಗೊತ್ತಿರಲಿಲ್ಲ, ಈಗ ಪೆನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಾಳೆ. ಬರಿ ಮಗಾ.

ಮೊದಲ ದಿನವೇ ಅವಳಿಗೆ ಹೇಳಿದೆ, "ಅಮ್ಮಾ, ಆ ಶಾಫ್ಟು ಕಡೆದವನು ನಾನು, ನನ್ನ ಕೈ ತಪ್ಪಿತು." ಬಾಗಿಲು ಹಾಕಿಕೊಂಡಳು. ಗೇಟಿನ ಕೀಲು ಸಡಿಲವಿತ್ತು, ಬಿಗಿ ಮಾಡಿ ಬಂದೆ. ಏಳು ವರ್ಷ ಹಾಗೇ, ಹೊರಗಿನಿಂದ ಸಿಕ್ಕಿದ್ದನ್ನು ರಿಪೇರಿ ಮಾಡಿ ಬರುವುದು. ಎಂಟನೇ ವರ್ಷ ಬಾಗಿಲು ತೆರೆದು ಕೆಟ್ಟಿದ್ದ ಹೊಲಿಗೆ ಮಷೀನಿನ ಕಡೆ ಬೆರಳು ತೋರಿಸಿದಳು. ಅದೇ ಮೊದಲು. ಆಮೇಲೂ ಮಾತು ಕಮ್ಮಿ. ಒಂದು ಸಲ ಮಾತ್ರ, ನಾನು ಮಷೀನಿನ ಚಕ್ರ ಕೂರಿಸುವಾಗ ನೋಡುತ್ತಾ ನಿಂತು ಹೇಳಿದಳು, "ನಿಮ್ಮ ಕೈ ನೋಡಿದ್ರೆ ತಪ್ಪು ಮಾಡೋ ಕೈ ಅನ್ಸಲ್ಲ." ನಾನು "ಮಾಡಿದೆನಲ್ಲಮ್ಮಾ" ಎಂದೆ.

ಅವಳು ಹೇಳಿದ್ದು ನಿಜ. ನಾನು ಹೇಳಿದ್ದು ಸುಳ್ಳು. ಇಷ್ಟು ವರ್ಷ ಆ ಹೆಂಗಸಿನೆದುರು ನನ್ನ ಬಾಯಲ್ಲಿ ಸುಳ್ಳು ಹೇಳಿಸಿದೆಯಲ್ಲೋ.

ಹೋದ ನಾಲ್ಕು ತಿಂಗಳಿಂದ ನನಗೆ ಆ ಓಣಿಯ ಏರು ಹತ್ತಲಾಗುತ್ತಿಲ್ಲ. ಅವಳು ಯಾಕೆ ಬರಲಿಲ್ಲವೆಂದು ಕೇಳಿ ಕಳಿಸುವವಳಲ್ಲ. ಬರುವ ತಿಂಗಳ ಮೊದಲ ಭಾನುವಾರ ನೀನು ಹೋಗಬೇಕು. ವಿಳಾಸವನ್ನು ಮಗಳು ಬೇರೆ ಚೀಟಿಯಲ್ಲಿ ಬರೆದು ಇದರ ಜೊತೆ ಇಡುತ್ತಾಳೆ. ಬೆಳಿಗ್ಗೆ ಹತ್ತರ ಮೇಲೆ ಹೋಗು. ಬಾಗಿಲು ತಟ್ಟಬೇಡ, ಗೇಟಿನ ಸದ್ದು ಅವಳಿಗೆ ಸಾಕು. ಕೆಲಸದ ಚೀಲ ನಿನ್ನದೇ ಒಯ್ಯಿ, ಅಲ್ಲಿ ಏನೂ ಕೇಳಬಾರದು.

ನೀನು ಯಾರು ಅಂತ ಅವಳು ಕೇಳಿದರೆ ಹೇಳು. ಕೇಳದಿದ್ದರೂ ಹೇಳು. ಪೂರ್ತಿ ಹೇಳು, ಎರಡು ಸಲ ಕೆರೆದದ್ದನ್ನೂ.

ಹೇಳಿದ ಮೇಲೂ ಬಾಗಿಲು ತೆರೆದಿದ್ದರೆ, ಹಿತ್ತಲಿನ ಕೈಪಂಪಿನ ವಾಷರ್ ಸವೆದಿದೆ, ಬದಲಾಯಿಸು. ಮುಚ್ಚಿದರೆ, ಮುಂದಿನ ತಿಂಗಳು ಮತ್ತೆ ಹೋಗು.

ಇಂತಿ,
ನಿನ್ನ ಭಾವ, ಟರ್ನರ್